ಲ್ಯಾಪ್‌ಟಾಪ್ ಸ್ಟಾರ್ಟ್ ಆಗುತ್ತಿಲ್ಲ, ಒಳಗಿರುವ ಪೇಜ್‌ಮೇಕರ್ ಫೈಲ್‌ಗಳು ಬೇಕು

ಸಾಗರ ಡಿಟಿಪಿ

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಮದುವೆ ಕಾಗದ, ಸೊಸೈಟಿಗಳ ವಾರ್ಷಿಕ ವರದಿ, ಕೋರ್ಟ್ ಕಾಗದ, ಎಲ್ಲವನ್ನೂ ಒಂದೇ ಲ್ಯಾಪ್‌ಟಾಪ್‌ನಲ್ಲಿ ಮಾಡುತ್ತೇನೆ. 2017ರಲ್ಲಿ ಕೊಂಡದ್ದು. ವಿಂಡೋಸ್ 10, ಒಂದು ಟಿಬಿ ಹಾರ್ಡ್‌ಡಿಸ್ಕ್. ಪುಟ ವಿನ್ಯಾಸಕ್ಕೆ ಪೇಜ್‌ಮೇಕರ್ 7, ಚಿತ್ರಕ್ಕೆ ಕೋರೆಲ್‌ಡ್ರಾ, ಕನ್ನಡ ಟೈಪಿಂಗ್‌ಗೆ ನುಡಿ ಹಾಕಿಕೊಂಡಿದ್ದೇನೆ.

ಕೆಲವು ವಾರಗಳಿಂದ ಅದು ತುಂಬ ನಿಧಾನವಾಗಿತ್ತು. ಸೇವ್ ಕೊಟ್ಟರೆ ಉಂಗುರ ತಿರುಗುತ್ತಲೇ ಇರುತ್ತಿತ್ತು. ಈಗ ಆನ್ ಮಾಡಿದರೆ ಕಂಪನಿ ಹೆಸರು ಬರುತ್ತದೆ, ಅದರ ಕೆಳಗೆ 'ಪ್ರಿಪೇರಿಂಗ್ ಆಟೋಮ್ಯಾಟಿಕ್ ರಿಪೇರಿ' ಅಂತ ಬರುತ್ತದೆ, ಪರದೆ ಕಪ್ಪಾಗುತ್ತದೆ, ಮತ್ತೆ ಮೊದಲಿಂದ ಶುರು. ಒಮ್ಮೊಮ್ಮೆ ನೀಲಿ ಪರದೆ ಬಂದು 'ಟ್ರಬಲ್‌ಶೂಟ್' ಅನ್ನುವ ಆಯ್ಕೆ ತೋರಿಸುತ್ತದೆ.

ಇಲ್ಲಿ ಒಂದು ಅಂಗಡಿಯಲ್ಲಿ ತೋರಿಸಿದೆ. 'ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಹೊಡೆದು ಹೊಸದು ಹಾಕಿ ಕೊಡುತ್ತೇವೆ. ಸಿ ಡ್ರೈವ್ ಮಾತ್ರ ಹೋಗುತ್ತೆ, ಡಿ ಹಾಗೇ ಇರುತ್ತೆ' ಅಂದರು. ನನ್ನ ಕೆಲಸ ಇರುವುದೆಲ್ಲ ಡೆಸ್ಕ್‌ಟಾಪ್ ಮೇಲೆ. ಡೆಸ್ಕ್‌ಟಾಪ್ ಸಿ ಡ್ರೈವ್‌ಗೇ ಸೇರಿದ್ದು ಅಲ್ವಾ? ಹಾಗಾಗಿ ಬೇಡ ಅಂತ ವಾಪಸ್ ತಂದೆ.

ಮದುವೆ ಕಾಗದಗಳನ್ನು ಮತ್ತೆ ಮಾಡಿಕೊಳ್ಳಬಹುದು. ನನಗೆ ಮುಖ್ಯವಾಗಿ ಬೇಕಾಗಿರುವುದು ಒಂದೇ ಫೈಲ್. ಹೊಸನಗರದ ಕಡೆಯ ಹಿರಿಯರೊಬ್ಬರು, ನಿವೃತ್ತ ಮೇಷ್ಟ್ರು, ಅವರ ಮನೆತನದ ವಂಶಾವಳಿ ಬರೆಸುತ್ತಿದ್ದಾರೆ. ನೋಟ್‌ಬುಕ್‌ನಲ್ಲಿ ಬರೆದಿದ್ದನ್ನು ನಾನು ಟೈಪ್ ಮಾಡಿದೆ. ಪ್ರೂಫ್ ತೆಗೆದುಕೊಂಡು ಹೋಗುವವರು, ಕೆಂಪು ಪೆನ್ನಿನಲ್ಲಿ ತಿದ್ದಿ ತರುವವರು. ಆಮೇಲೆ ಆಮೇಲೆ ಅಂಗಡಿಯಲ್ಲೇ ಕೂತು ಬಾಯಲ್ಲೇ ಹೇಳಿ ಬರೆಸಿದರು. ಅಣೆಕಟ್ಟಿನ ಮುಳುಗಡೆಯಲ್ಲಿ ಊರು ಬಿಟ್ಟು ಹೋದ ಕವಲುಗಳು, ಯಾರು ಯಾವ ಊರಿಗೆ ಹೋಗಿ ನೆಲೆ ನಿಂತರು, ಯಾವ ಮನೆಗೆ ಹೆಣ್ಣು ಕೊಟ್ಟರು, ಇವೆಲ್ಲ. ಆ ಭಾಗ ಬೇರೆ ಎಲ್ಲೂ ಬರೆದಿಟ್ಟಿಲ್ಲ. ದೀಪಾವಳಿವರೆಗಿನ ಫೈಲ್ ಪೆನ್‌ಡ್ರೈವ್‌ನಲ್ಲಿದೆ. ಬಾಯಲ್ಲಿ ಹೇಳಿಸಿದ್ದೆಲ್ಲ ಅದರ ನಂತರದ್ದು. ಅವರಿಗೆ ಈಗ ವಯಸ್ಸು ಎಂಬತ್ತರ ಮೇಲೆ. ಮತ್ತೆ ಮೊದಲಿಂದ ಹೇಳಿ ಅನ್ನಲು ನನಗೆ ಮನಸ್ಸು ಬರುತ್ತಿಲ್ಲ.

ವಿಂಡೋಸ್ ಸರಿಯಾಗದಿದ್ದರೂ ಪರವಾಗಿಲ್ಲ. ಫೈಲ್ ತೆಗೆಯಲು ದಾರಿ ಇದ್ದರೆ ದಯವಿಟ್ಟು ಹೇಳಿ.

ಬೆಂಗಳೂರು ಸಪೋರ್ಟ್

ಅಕ್ಕಾ, ಫಾರ್ಮ್ಯಾಟ್ ಬೇಡ ಅಂದದ್ದು ಒಳ್ಳೆಯದಾಯಿತು. ನಾನು ಕಂಪನಿಯೊಂದರಲ್ಲಿ ಡೆಸ್ಕ್‌ಟಾಪ್ ಸಪೋರ್ಟ್ ಕೆಲಸ ಮಾಡುತ್ತೇನೆ. ಇಂಥ ಲ್ಯಾಪ್‌ಟಾಪ್ ಬಂದರೆ ನಾವು ಮೊದಲು ಮಾಡುವುದು ಇದು.

ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಆಮೇಲೆ ಅಡ್ವಾನ್ಸ್‌ಡ್ ಆಪ್ಷನ್ಸ್, ಅದರಲ್ಲಿ ಕಮಾಂಡ್ ಪ್ರಾಂಪ್ಟ್ ಒತ್ತಿ. ಕಪ್ಪು ಕಿಟಕಿ ಬರುತ್ತದೆ. ನೋಟ್‌ಪ್ಯಾಡ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ನೋಟ್‌ಪ್ಯಾಡ್ ತೆರೆದುಕೊಳ್ಳುತ್ತದೆ. ಅದರ ಫೈಲ್ ಮೆನುವಿನಲ್ಲಿ ಓಪನ್ ಕೊಟ್ಟರೆ ಡ್ರೈವ್‌ಗಳೆಲ್ಲ ಕಾಣುತ್ತವೆ. ಕೆಳಗೆ 'ಆಲ್ ಫೈಲ್ಸ್' ಆರಿಸಿಕೊಳ್ಳಿ, ಇಲ್ಲದಿದ್ದರೆ ಬರೀ ಟೆಕ್ಸ್ಟ್ ಫೈಲ್ ತೋರಿಸುತ್ತದೆ. ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್. ಎಷ್ಟು ಕಾಪಿ ಆಯಿತು ಅಂತ ಅಲ್ಲಿ ತೋರಿಸುವುದಿಲ್ಲ. ಸುಮ್ನೆ ನಿಂತ ಹಾಗೆ ಕಾಣುತ್ತದೆ, ಕಾಯಬೇಕು. ಡ್ರೈವ್ ಅಕ್ಷರಗಳೂ ಅಲ್ಲಿ ಅದಲು ಬದಲಾಗಿರಬಹುದು. ನಿಮ್ಮ ಸಿ ಅಲ್ಲಿ ಡಿ ಅಂತ ಕಂಡರೆ ಗಾಬರಿ ಆಗಬೇಡಿ.

ಹೊಸ ಲ್ಯಾಪ್‌ಟಾಪ್ ಇರುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ವಿಂಡೋಸ್ 11 ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ, ಡಿಸ್ಕ್ ತಾನಾಗಿಯೇ ಲಾಕ್ ಆಗಿರುತ್ತದೆ. ಅದಕ್ಕೆ ಬಿಟ್‌ಲಾಕರ್ ಅನ್ನುತ್ತಾರೆ. ಆಗ ಡಿಸ್ಕನ್ನು ಯಾವ ಕಂಪ್ಯೂಟರಿಗೆ ಹಾಕಿದರೂ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಸಾಮಾನ್ಯವಾಗಿ ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ ಇರುತ್ತದೆ, ಮೊಬೈಲ್‌ನಿಂದ ಲಾಗಿನ್ ಆಗಿ ನೋಡಬಹುದು. ಕೀ ಸಿಗದಿದ್ದರೆ ಯಾವ ರಿಪೇರಿಯವರಿಂದಲೂ ಆ ಡಿಸ್ಕ್ ತೆರೆಯಲು ಆಗುವುದಿಲ್ಲ. ಇವತ್ತೇ ಬರೆದಿಟ್ಟುಕೊಳ್ಳಿ. ಸಾಗರದ ಅಕ್ಕನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಈ ತೊಂದರೆ ಇರುವ ಸಾಧ್ಯತೆ ಕಡಿಮೆ.

ಶಿವಮೊಗ್ಗ ರಿಪೇರಿ

ಮೇಡಂ, ದಯವಿಟ್ಟು ಆ ಲ್ಯಾಪ್‌ಟಾಪನ್ನು ಇನ್ನು ಆನ್ ಮಾಡಬೇಡಿ. ನೋಟ್‌ಪ್ಯಾಡ್ ದಾರಿ ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಅದು ವಿಂಡೋಸ್ ಮಾತ್ರ ಕೆಟ್ಟು ಡಿಸ್ಕ್ ಗಟ್ಟಿ ಇದ್ದಾಗ. ವಾರಗಟ್ಟಲೆ ನಿಧಾನ, ಸೇವ್ ಕೊಟ್ಟರೆ ನಿಲ್ಲುವುದು, ಆಮೇಲೆ ಸ್ಟಾರ್ಟೇ ಆಗದಿರುವುದು, ಈ ಮೂರೂ ಒಟ್ಟಿಗೆ ಇದ್ದರೆ ನನ್ನ ಅನುಭವದಲ್ಲಿ ಡಿಸ್ಕೇ ಹೋಗುತ್ತಿದೆ ಅಂತ ಅರ್ಥ. ಆ ನೀಲಿ ಪರದೆಯೂ ಸಾಮಾನ್ಯವಾಗಿ ಅದೇ ಡಿಸ್ಕ್‌ನಿಂದಲೇ ಬರುವುದು. ಜೊತೆಗೆ ಆಟೋಮ್ಯಾಟಿಕ್ ರಿಪೇರಿ ಪ್ರತಿ ಸಲವೂ ಡಿಸ್ಕನ್ನು ತಡಕಾಡುತ್ತದೆ, ಒಮ್ಮೊಮ್ಮೆ ಅದರ ಮೇಲೆ ಬರೆಯುತ್ತದೆ ಕೂಡ. ಜ್ವರ ಬಂದವರನ್ನು ಎಬ್ಬಿಸಿ ಓಡಿಸಿದ ಹಾಗೆ.

ಡಿ ಡ್ರೈವ್ ಹಾಗೇ ಇರುತ್ತೆ ಅನ್ನುವ ಮಾತನ್ನೂ ನಂಬಬೇಡಿ. ಸಿ, ಡಿ ಎರಡೂ ಒಂದೇ ಡಿಸ್ಕ್‌ನ ಭಾಗಗಳು. ಡಿಸ್ಕ್ ಹೋದರೆ ಎರಡೂ ಹೋಗುತ್ತವೆ.

ಲ್ಯಾಪ್‌ಟಾಪ್ ಬೇರೆ, ಡಿಸ್ಕ್ ಬೇರೆ ಅಂತ ನೋಡಿ. ಡಿಸ್ಕನ್ನು ಹೊರಗೆ ತೆಗೆಯೋಣ, ಬೇರೆ ಕಂಪ್ಯೂಟರಿಗೆ ಹಾಕಿ ಫೈಲ್ ತೆಗೆದುಕೊಳ್ಳೋಣ. ಲ್ಯಾಪ್‌ಟಾಪ್ ರಿಪೇರಿ ಆಮೇಲಿನ ಮಾತು.

ಚಾರ್ಜರ್ ತೆಗೆಯಿರಿ. ಹೊರಗೆ ಬರುವ ಬ್ಯಾಟರಿ ಇದ್ದರೆ ಅದನ್ನೂ ತೆಗೆಯಿರಿ. ಒಳಗೇ ಇದ್ದರೆ, ಕೆಳಗಿನ ಮುಚ್ಚಳ ಬಿಚ್ಚಿದ ಕೂಡಲೇ ಬ್ಯಾಟರಿಯ ವೈರು ಬೋರ್ಡಿಗೆ ಸೇರುವ ಕನೆಕ್ಟರ್ ಬಿಡಿಸಿ. ಸ್ಕ್ರೂಗಳನ್ನು ಒಂದು ತಟ್ಟೆಯಲ್ಲಿ, ಬಿಚ್ಚಿದ ಜಾಗದ ಕ್ರಮದಲ್ಲೇ ಇಟ್ಟುಕೊಳ್ಳಿ, ಯಾಕೆಂದರೆ ಉದ್ದ ಬೇರೆ ಬೇರೆ ಇರುತ್ತದೆ. ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಹಾರ್ಡ್‌ಡಿಸ್ಕ್ ಎರಡೂವರೆ ಇಂಚಿನದು, ಹೆಚ್ಚಾಗಿ ಕೈ ಇಡುವ ಜಾಗದ ಕೆಳಗೆ ಒಂದು ತಗಡಿನ ಚೌಕಟ್ಟಿನಲ್ಲಿ ಕೂತಿರುತ್ತದೆ. ಅದರ ಬಾಯಲ್ಲಿ ಎಲ್ ಆಕಾರದ ಎರಡು ಕಂಡಿ ಇರುತ್ತವೆ, ಒಂದು ಗಿಡ್ಡ, ಒಂದು ಉದ್ದ. ಅದು ಸಾಟಾ ಡಿಸ್ಕ್. ಅದಕ್ಕೆ ಸಾಟಾದಿಂದ ಯುಎಸ್‌ಬಿಗೆ ಹೋಗುವ ಕೇಬಲ್ ಸಿಗುತ್ತದೆ, ಕೆಲವು ನೂರು ರೂಪಾಯಿ. ಶಿವಮೊಗ್ಗದಲ್ಲೂ ಸಿಗುತ್ತದೆ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಂತೂ ಅಂಗಡಿ ಅಂಗಡಿಯಲ್ಲೂ ಇದೆ.

ಕೇಬಲ್ ಹಾಕಿದ ಮೇಲೆ ಡಿಸ್ಕನ್ನು ಮೆತ್ತನೆ ಬಟ್ಟೆಯ ಮೇಲೆ ಮಟ್ಟವಾಗಿ ಇಟ್ಟು, ನಿಮ್ಮ ಕಿವಿಯನ್ನೇ ಅದರ ಹತ್ತಿರ ತನ್ನಿ. ಒಂದೇ ಸಮನೆ ಸಣ್ಣಗೆ ಸುಂಯ್ ಅನ್ನುತ್ತಿದ್ದರೆ ಮುಂದುವರಿಯಬಹುದು. ಟಕ್, ಟಕ್, ಟಕ್ ಅಂತ ಲೆಕ್ಕ ಹಾಕಿದ ಹಾಗೆ ಬಡಿಯುತ್ತಿದ್ದರೆ ಆ ಕ್ಷಣವೇ ಕೇಬಲ್ ಕಿತ್ತುಬಿಡಿ. ಒಳಗೆ ತಟ್ಟೆಯ ಮೇಲೆ ಓಡಾಡುವ ಹೆಡ್ ಕೆಟ್ಟಿರುತ್ತದೆ. ಅದು ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುವ ವಸ್ತು. ಒಂದು ಧೂಳಿನ ಕಣ ಅದಕ್ಕಿಂತ ಎಷ್ಟೋ ದೊಡ್ಡದು. ಅಂಥ ಡಿಸ್ಕನ್ನು ಧೂಳಿಲ್ಲದ ಕೋಣೆ ಇರುವ ಲ್ಯಾಬ್‌ನವರೇ ಬಿಚ್ಚಬೇಕು. ನಾನು ಬಿಚ್ಚುವುದಿಲ್ಲ, ಯಾವ ಅಂಗಡಿಯವರು ಬಿಚ್ಚುತ್ತೇನೆ ಅಂದರೂ ಕೊಡಬೇಡಿ. ಖರ್ಚು ಹತ್ತಾರು ಸಾವಿರಕ್ಕೆ ಹೋಗಬಹುದು, ಹಾಗಾಗಿ ಮೊದಲೇ ಬರವಣಿಗೆಯಲ್ಲಿ ರೇಟು ತೆಗೆದುಕೊಳ್ಳಿ. ಡೇಟಾ ಸಿಗದಿದ್ದರೆ ದುಡ್ಡು ಕೊಡಬೇಕಾ ಅನ್ನುವುದನ್ನೂ ಕೇಳಿ. ಫ್ರೀಜರ್‌ನಲ್ಲಿಡಿ, ಮೆಲ್ಲಗೆ ತಟ್ಟಿ ಅಂತೆಲ್ಲ ಯೂಟ್ಯೂಬ್‌ನಲ್ಲಿ ಹೇಳುತ್ತಾರೆ. ಖಂಡಿತ ಬೇಡ.

ಶಬ್ದ ಸರಿ ಇದ್ದರೆ ಇನ್ನೊಂದು ಲ್ಯಾಪ್‌ಟಾಪ್‌ಗೆ ನೇರವಾಗಿ ಚುಚ್ಚಿ, ನಡುವೆ ಯುಎಸ್‌ಬಿ ಹಬ್ ಬೇಡ. ಆ ಲ್ಯಾಪ್‌ಟಾಪ್ ನಿದ್ದೆ ಹೋಗದ ಹಾಗೆ ಸೆಟ್ಟಿಂಗ್ ಮಾಡಿ, ಚಾರ್ಜರ್ ಹಾಕಿಡಿ. 'ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು' ಅಂತ ವಿಂಡೋಸ್ ಕೇಳಿದರೆ ಕ್ಯಾನ್ಸಲ್. 'ಸ್ಕ್ಯಾನ್ ಅಂಡ್ ಫಿಕ್ಸ್' ಅಂದರೂ ಬೇಡ. ಚೆಕ್‌ಡಿಸ್ಕ್ ಅಂತೂ ಮುಟ್ಟಲೇಬೇಡಿ, ಅದು ಫೈಲ್ ಉಳಿಸಲು ಇರುವುದಲ್ಲ, ಡಿಸ್ಕ್‌ನ ಲೆಕ್ಕ ಸರಿ ಮಾಡಲು ಇರುವುದು. ಲೆಕ್ಕ ಸರಿ ಮಾಡುವಾಗ ನಿಮ್ಮ ಫೈಲನ್ನೇ ಕತ್ತರಿಸಬಹುದು.

ಫೈಲ್‌ಗಳು ಇರುವುದು ನಿಮ್ಮ ಹಳೆ ಸಿ ಡ್ರೈವ್ (ಈ ಲ್ಯಾಪ್‌ಟಾಪ್‌ನಲ್ಲಿ ಅದು ಬೇರೆ ಅಕ್ಷರದಲ್ಲಿ ಕಾಣುತ್ತದೆ), ಯೂಸರ್ಸ್, ನಿಮ್ಮ ಹೆಸರು, ಡೆಸ್ಕ್‌ಟಾಪ್. 'ಪರ್ಮಿಷನ್ ಇಲ್ಲ' ಅಂದರೆ ಕಂಟಿನ್ಯೂ ಒತ್ತಿ. ಫೋಲ್ಡರ್ ತೆರೆಯುವ ಮೊದಲು ವ್ಯೂನಲ್ಲಿ ಡೀಟೇಲ್ಸ್ ಆರಿಸಿ, ಇಲ್ಲದಿದ್ದರೆ ಚಿತ್ರಗಳ ಸಣ್ಣ ನಮೂನೆ ತೋರಿಸಲು ಎಲ್ಲ ಫೈಲನ್ನೂ ಓದಲು ಹೋಗುತ್ತದೆ. ಹುಡುಕು ಅಂತಲೂ ಕೊಡಬೇಡಿ, ಇಡೀ ಡಿಸ್ಕ್ ತಿರುಗಾಡುತ್ತದೆ. ನೇರ ಹೋಗಿ ವಂಶಾವಳಿಯ ಫೈಲ್ ಒಂದನ್ನೇ ಮೊದಲು ತೆಗೆಯಿರಿ. ಅದು ಕೈಗೆ ಬಂದ ಮೇಲೆ ಉಳಿದದ್ದು. ಎಲ್ಲಾದರೂ ಕಾಪಿ ನಿಂತರೆ ಕ್ಯಾನ್ಸಲ್ ಮಾಡಿ, ಡಿಸ್ಕ್ ಬಿಚ್ಚಿ, ನನಗೆ ಇಲ್ಲಿ ತಿಳಿಸಿ.

ಸಾಗರ ಡಿಟಿಪಿ

ಸರ್, ತುಂಬ ಉಪಕಾರ. ನೀವು ಹೇಳಿದ ಹಾಗೇ ಮಾಡಿದೆ. ಇಂಜಿನಿಯರಿಂಗ್ ಓದುವ ಅಣ್ಣನ ಮಗ ಬಂದು ಡಿಸ್ಕ್ ಬಿಚ್ಚಿಕೊಟ್ಟ. ಶಬ್ದ ಒಂದೇ ಸಮ ಇದೆ, ಟಕ್ ಟಕ್ ಇಲ್ಲ. ಫಾರ್ಮ್ಯಾಟ್ ಕೇಳಿತು, ಕ್ಯಾನ್ಸಲ್ ಕೊಟ್ಟೆ. ತುಂಬ ಹೊತ್ತಿನ ಮೇಲೆ ಹಳೆ ಸಿ ಡ್ರೈವ್ ತೆರೆಯಿತು.

ವಂಶಾವಳಿಯ ಫೋಲ್ಡರ್ ಕಂಡಾಗ ನನಗೆ ಕಣ್ಣಲ್ಲಿ ನೀರೇ ಬಂತು. ಅದರಲ್ಲಿ ಎರಡು ಫೈಲ್ ಇವೆ. ಮೊದಲ ಭಾಗ ಕಾಪಿ ಆಯಿತು. ಎರಡನೆಯದು, ಬಾಯಲ್ಲಿ ಹೇಳಿ ಬರೆಸಿದ್ದು, ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಆಮೇಲೆ 'ಐ/ಒ ಎರರ್' ಅಂತ ಏನೋ ಬಂತು. ಕೂಡಲೇ ಕ್ಯಾನ್ಸಲ್ ಮಾಡಿ ಬಿಚ್ಚಿಟ್ಟಿದ್ದೇನೆ. ಈಗ ಏನು ಮಾಡಲಿ?

ಶಿವಮೊಗ್ಗ ರಿಪೇರಿ

ಬಿಚ್ಚಿಟ್ಟದ್ದು ಸರಿಯಾಯಿತು. ಆ ಫೈಲ್ ಕೂತಿರುವ ಜಾಗದಲ್ಲಿ ಕೆಲವು ಸೆಕ್ಟರ್, ಅಂದರೆ ಡಿಸ್ಕ್ ಮೇಲಿನ ಸಣ್ಣ ಸಣ್ಣ ಚೂರುಗಳು, ಕೆಟ್ಟಿವೆ. ವಿಂಡೋಸ್‌ನ ಕಾಪಿ ಒಂದು ಸೆಕ್ಟರ್ ಓದಲು ಬರದಿದ್ದರೆ ಇಡೀ ಫೈಲನ್ನೇ ಕೈಬಿಡುತ್ತದೆ. ಇನ್ನು ಡಿಡಿರೆಸ್ಕ್ಯೂ ಬೇಕು. ಅದು ಗ್ನೂ ಯೋಜನೆಯ ಉಚಿತ ತಂತ್ರಾಂಶ, ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್‌ನಲ್ಲಿ ಓಡುತ್ತದೆ. ನನ್ನ ಕೆಲಸದಲ್ಲಿ ಇದರಷ್ಟು ನಂಬುವ ಸಾಧನ ಇನ್ನೊಂದಿಲ್ಲ.

ಅದು ಫೈಲ್ ಫೈಲ್ ಅಂತ ನೋಡುವುದಿಲ್ಲ. ಇಡೀ ಡಿಸ್ಕನ್ನು ಇದ್ದಂತೆ ಇನ್ನೊಂದು ಡಿಸ್ಕ್‌ಗೆ ಇಳಿಸುತ್ತದೆ. ಮೊದಲು ಸಲೀಸಾಗಿ ಓದಲು ಬರುವುದನ್ನೆಲ್ಲ ತೆಗೆಯುತ್ತದೆ, ಕೆಟ್ಟ ಜಾಗ ಸಿಕ್ಕರೆ ಅಲ್ಲಿ ಜಗ್ಗಾಡದೆ ಹಾರಿ ಮುಂದೆ ಹೋಗುತ್ತದೆ. ಎಲ್ಲಿ ಬಿಟ್ಟೆ ಅನ್ನುವುದನ್ನು ಮ್ಯಾಪ್ ಫೈಲ್ ಒಂದರಲ್ಲಿ ಬರೆದಿಡುತ್ತದೆ. ಆಮೇಲೆ ಆ ಜಾಗಗಳಿಗೆ ವಾಪಸ್ ಬಂದು ಅಂಚಿನಿಂದ ಚೂರು ಚೂರೇ ಕೆರೆದು ತೆಗೆಯುತ್ತದೆ. ಮಧ್ಯೆ ನಿಲ್ಲಿಸಿದರೂ ಮ್ಯಾಪ್ ಇರುವುದರಿಂದ ಬಿಟ್ಟಲ್ಲಿಂದಲೇ ಶುರು ಮಾಡಬಹುದು. ಹಾಗಾಗಿ ಮ್ಯಾಪ್ ಫೈಲನ್ನು ಪೆನ್‌ಡ್ರೈವ್‌ನಲ್ಲಿಡಿ. ಲೈವ್ ಲಿನಕ್ಸ್‌ನ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವುದು) ಡೆಸ್ಕ್‌ಟಾಪ್‌ನಲ್ಲಿಟ್ಟರೆ ಕಂಪ್ಯೂಟರ್ ಆಫ್ ಆದಾಗ ಅದೂ ಹೋಗುತ್ತದೆ.

ಬೇಕಾಗುವುದು ಇಷ್ಟು. ಒಂದು ಟಿಬಿಗಿಂತ ದೊಡ್ಡ ಖಾಲಿ ಡಿಸ್ಕ್. ಒಂದು ಪೆನ್‌ಡ್ರೈವ್‌ನಲ್ಲಿ ಉಬುಂಟು ಅಥವಾ ಲಿನಕ್ಸ್ ಮಿಂಟ್, ಅದನ್ನು ರೂಫಸ್ ತಂತ್ರಾಂಶದಿಂದ ಮಾಡಿಕೊಳ್ಳಬಹುದು. ಮ್ಯಾಪ್‌ಗೆ ಇನ್ನೊಂದು ಪೆನ್‌ಡ್ರೈವ್. ಪೆನ್‌ಡ್ರೈವ್‌ನಿಂದ ಸ್ಟಾರ್ಟ್ ಮಾಡಲು ಡೆಲ್, ಲೆನೊವೊ, ಏಸರ್‌ನಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಬಂದ ಮೇಲೆ 'ಟ್ರೈ' ಆರಿಸಿ, 'ಇನ್‌ಸ್ಟಾಲ್' ಅಲ್ಲ.

ಅಣ್ಣನ ಮಗನಿಗೆ ಒಂದು ಮಾತು ಒತ್ತಿ ಹೇಳಿ. ಎಲ್ಲಿಂದ, ಎಲ್ಲಿಗೆ ಅನ್ನುವುದು ಅದಲು ಬದಲಾದರೆ ಖಾಲಿ ಡಿಸ್ಕ್ ಬಂದು ನಿಮ್ಮ ಡಿಸ್ಕ್ ಮೇಲೆ ಕೂರುತ್ತದೆ, ಎಲ್ಲ ಮುಗಿದ ಹಾಗೆ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರನ್ನು ನಂಬಬಾರದು, ಪ್ರತಿ ಸಲ ಚುಚ್ಚಿದಾಗಲೂ ಅವು ಬದಲಾಗಬಹುದು. ಡಿಸ್ಕ್‌ನ ಲೇಬಲ್ ಮೇಲಿನ ಸೀರಿಯಲ್ ನಂಬರ್ ಪರದೆಯಲ್ಲಿ ಹೋಲಿಸಿ ನೋಡಿಯೇ ಎಂಟರ್ ಒತ್ತಬೇಕು. ನಾನು ಇವತ್ತಿಗೂ ಹಾಗೇ ಮಾಡುವುದು.

ಗಟ್ಟಿ ಇರುವ ಒಂದು ಟಿಬಿ ಡಿಸ್ಕ್ ಮೂರು ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಕೆಟ್ಟದ್ದು ದಿನಗಟ್ಟಲೆ ತೆಗೆದುಕೊಳ್ಳಬಹುದು. ಫ್ಯಾನ್ ಗಾಳಿ ಬೀಳುವ ಕಡೆ ಇಡಿ, ಅಲುಗಾಡಿಸಬೇಡಿ. ಮಧ್ಯೆ ಟಕ್ ಟಕ್ ಶುರುವಾದರೆ ನಿಲ್ಲಿಸಿ. ಮುಗಿದ ಮೇಲೆ ಮೂಲ ಡಿಸ್ಕ್ ಬದಿಗಿಟ್ಟು, ಏನಿದ್ದರೂ ನಕಲಿನ ಮೇಲೇ ಮಾಡಿ. ನಕಲು ತೆರೆಯದಿದ್ದರೆ ಅದರ ಮೇಲೆ ಟೆಸ್ಟ್‌ಡಿಸ್ಕ್ ಅನ್ನುವ ಇನ್ನೊಂದು ಉಚಿತ ತಂತ್ರಾಂಶ ಓಡಿಸಬಹುದು.

ಗದಗ ಪ್ರೆಸ್

ಅಕ್ಕಾರ, ನಮ್ಮದು ಗದಗಿನಲ್ಲಿ ಆಫ್‌ಸೆಟ್ ಪ್ರೆಸ್. ಡಿಸ್ಕ್ ಬಗ್ಗೆ ಶಿವಮೊಗ್ಗದವರು ಹೇಳಿದ್ದೇ ಸರಿ. ನಾನು ಪೇಜ್‌ಮೇಕರ್ ವಿಷಯ ಹೇಳುತ್ತೇನೆ, ಯಾಕೆಂದರೆ ಫೈಲ್ ಬಂದ ಮೇಲೂ ಕೆಲಸ ಇರುತ್ತದೆ ನೋಡ್ರಿ.

ಹೇಗೂ ಲಿನಕ್ಸ್ ಹಾಕುತ್ತಿದ್ದೀರಿ. ನಕಲಿನಿಂದ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್ ಪೂರ್ತಿ ತೆಗೆದುಕೊಳ್ಳಿರಿ. ನುಡಿಯ ಹಳೆ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಎಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಾಣುತ್ತದೆ. ಫೈಲ್ ಕೆಟ್ಟಿದೆ ಅಂತ ಎಷ್ಟೋ ಮಂದಿ ಅಳಿಸಿಯೇ ಬಿಡುತ್ತಾರೆ. ಅದು ಕೆಟ್ಟಿರುವುದಿಲ್ಲ. ಫಾಂಟ್ ಹಾಕಿದರೆ ಅಕ್ಷರ ತಾನೇ ಬರುತ್ತದೆ.

ತೆರೆಯುವಾಗ ಪೇಜ್‌ಮೇಕರ್ 'ಪ್ಯಾನೋಸ್ ಫಾಂಟ್ ಮ್ಯಾಚಿಂಗ್' ಅಂತ ಒಂದು ಪೆಟ್ಟಿಗೆ ತೋರಿಸಿದರೆ ಫಾಂಟ್ ಸಿಕ್ಕಿಲ್ಲ ಅಂತ ಅರ್ಥ. ಅಲ್ಲಿ ಪರ್ಮನೆಂಟ್ ಅಂತ ಕೊಟ್ಟು ಸೇವ್ ಮಾಡಬೇಡಿ. ಕ್ಯಾನ್ಸಲ್ ಮಾಡಿ, ಫಾಂಟ್ ಹಾಕಿ, ಮತ್ತೆ ತೆರೆಯಿರಿ.

ಎರಡನೇ ಫೈಲಿನ ಕೆಲವು ಭಾಗ ಡಿಡಿರೆಸ್ಕ್ಯೂನಲ್ಲೂ ಬರದೇ ಹೋದರೆ ಫೈಲ್ ನೇರ ತೆರೆಯಲಿಕ್ಕಿಲ್ಲ. ಓಪನ್ ಪೆಟ್ಟಿಗೆಯಲ್ಲಿ ಒರಿಜಿನಲ್, ಕಾಪಿ ಅಂತ ಇರುತ್ತದೆ, ಕಾಪಿ ಆರಿಸಿ ಒಮ್ಮೆ ನೋಡಿರಿ. ಅದೂ ಆಗದಿದ್ದರೆ ಹೊಸ ಪಬ್ಲಿಕೇಶನ್ ತೆರೆದು, ಫೈಲ್ ಮೆನುವಿನ ಪ್ಲೇಸ್‌ನಲ್ಲಿ ಆ ಹಳೆ ಫೈಲನ್ನೇ ತೋರಿಸಿರಿ. ಒಳಗಿನ ಸ್ಟೋರಿಗಳ, ಅಂದರೆ ಪಠ್ಯದ ತುಂಡುಗಳ, ಪಟ್ಟಿ ಕೊಡುತ್ತದೆ, ಬೇಕಾದ ಸ್ಟೋರಿ ಆರಿಸಿದರೆ ಬರೀ ಪಠ್ಯ ಇಳಿಯುತ್ತದೆ. ಪುಟ ವಿನ್ಯಾಸ ಹೋಗುತ್ತದೆ, ಮಾತು ಉಳಿಯುತ್ತದೆ. ನಮ್ಮಲ್ಲಿ ಒಂದು ಸ್ಮರಣ ಸಂಚಿಕೆಯನ್ನು ಹೀಗೇ ಉಳಿಸಿಕೊಂಡೆವು. ನಿಮಗೆ ಬೇಕಾಗಿರುವುದು ಆ ಹಿರಿಯರು ಹೇಳಿದ ಮಾತಷ್ಟೇ ಅಲ್ವಾ.

ಫೋಟೋಗಳು ಬೇರೆ ಫೋಲ್ಡರಿನಲ್ಲಿದ್ದರೆ ಅವನ್ನೂ ಮರೆಯದೇ ತೆಗೆಯಿರಿ. ಪೇಜ್‌ಮೇಕರ್ ದೊಡ್ಡ ಚಿತ್ರವನ್ನು ಒಳಗೆ ಇಟ್ಟುಕೊಳ್ಳದೆ ಬರೀ ಲಿಂಕ್ ಇಟ್ಟುಕೊಂಡಿರಬಹುದು.

ಸಾಗರ ಡಿಟಿಪಿ

ಸರ್, ಗದಗಿನ ಅಣ್ಣಾವ್ರೆ, ಬೆಂಗಳೂರಿನ ತಂಗಿ, ಎಲ್ಲರಿಗೂ ಹೇಳುತ್ತೇನೆ, ಫೈಲ್ ಸಿಕ್ಕಿತು!

ಡಿಡಿರೆಸ್ಕ್ಯೂ ಕೆಲವೇ ಕೆಲವು ಜಾಗ ಬಿಟ್ಟು ಉಳಿದದ್ದನ್ನೆಲ್ಲ ತಂದಿದೆ. ಎರಡನೇ ಭಾಗ ನೇರವಾಗಿ ತೆರೆಯಲಿಲ್ಲ, ಕಾಪಿ ಆರಿಸಿದರೂ ಇಲ್ಲ. ಪ್ಲೇಸ್‌ನಲ್ಲಿ ತೋರಿಸಿದಾಗ ಸ್ಟೋರಿಗಳ ಪಟ್ಟಿ ಬಂತು. ಮುಳುಗಡೆಯ ಕವಲುಗಳ ಪಠ್ಯ ಒಂದೊಂದಾಗಿ ಇಳಿಯಿತು. ಒಂದು ಸ್ಟೋರಿ ಮಾತ್ರ ನಡುವೆ ತುಂಡಾಗಿದೆ, ಸುಮಾರು ಒಂದು ಪುಟದಷ್ಟು. ಅದು ಯಾವ ಮನೆಯದು ಅಂತ ಮೇಲಿನ ಸಾಲು ನೋಡಿದರೆ ಗೊತ್ತಾಗುತ್ತದೆ. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. 'ಅಷ್ಟೇ ತಾನೆ, ಅದನ್ನು ಈಗಲೇ ಹೇಳುತ್ತೇನೆ ಬರೆದುಕೊ' ಅಂದರು. ಬರೆದುಕೊಂಡೆ.

ಎಲ್ಲವನ್ನೂ ನುಡಿಯ ಪರಿವರ್ತಕದಲ್ಲಿ ಯೂನಿಕೋಡ್‌ಗೂ ಬದಲಾಯಿಸಿ ಅವರ ಮಗನಿಗೆ ಮೇಲ್ ಮಾಡಿದ್ದೇನೆ. ಅಲ್ಲಲ್ಲಿ ಒತ್ತಕ್ಷರ ಕೆಟ್ಟಿದ್ದನ್ನು ತಿದ್ದುವುದಿದೆ.

ಇನ್ನು ಎರಡು ಪ್ರಶ್ನೆ. ಹಳೆ ಡಿಸ್ಕನ್ನು ಏನು ಮಾಡಲಿ? ಲ್ಯಾಪ್‌ಟಾಪ್ ಉಳಿಸಬಹುದಾ?

ಶಿವಮೊಗ್ಗ ರಿಪೇರಿ

ಓದಿ ತುಂಬ ಸಂತೋಷವಾಯಿತು ಮೇಡಂ. ಪ್ಲೇಸ್ ವಿಷಯ ನನಗೂ ಹೊಸದು. ಗದಗಿನವರಿಗೆ ನನ್ನದೂ ಒಂದು ನಮಸ್ಕಾರ.

ಹಳೆ ಡಿಸ್ಕನ್ನು ಈಗಲೇ ಎಸೆಯಬೇಡಿ. ಪುಸ್ತಕ ಅಚ್ಚಾಗಿ ಮೇಷ್ಟ್ರು ಓದಿ ಸರಿ ಇದೆ ಅನ್ನುವವರೆಗೆ ಹೆಸರು ಬರೆದು ಬೀರುವಿನಲ್ಲಿಡಿ. ಆಮೇಲೂ ಗುಜರಿಗೆ ಹಾಗೇ ಕೊಡಬೇಡಿ. ಜೆರಾಕ್ಸ್ ಅಂಗಡಿಯ ಡಿಸ್ಕ್ ಅಂದರೆ ಊರಿನವರ ಆಧಾರ್, ಪಹಣಿ, ಬ್ಯಾಂಕ್ ಕಾಗದ ಎಲ್ಲ ಅದರಲ್ಲಿರುತ್ತದೆ. ಕೆಟ್ಟ ಸೆಕ್ಟರ್ ಇರುವ ಡಿಸ್ಕನ್ನು ಪೂರ್ತಿ ಅಳಿಸಲು ಆಗುವುದಿಲ್ಲ. ಡ್ರಿಲ್‌ನಲ್ಲಿ ತಟ್ಟೆಗೆ ತೂತಾಗುವ ಹಾಗೆ ಕೊರೆಸಿ ಕೊಡಿ.

ಲ್ಯಾಪ್‌ಟಾಪ್ ಖಂಡಿತ ಉಳಿಸಬಹುದು. ಅದೇ ಜಾಗಕ್ಕೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ಡಿಸ್ಕ್) ಕೂರುತ್ತದೆ, ಮೊದಲಿಗಿಂತ ಚುರುಕಾಗುತ್ತದೆ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 2017ರ ಯಂತ್ರ ವಿಂಡೋಸ್ 11ರ ಪಟ್ಟಿಯಲ್ಲಿ ಇರುವುದೂ ಅನುಮಾನ. ಅದನ್ನು ಇಂಟರ್‌ನೆಟ್ ಇಲ್ಲದೆ ಪೇಜ್‌ಮೇಕರ್‌ಗೆ ಮಾತ್ರ ಇಟ್ಟುಕೊಳ್ಳಿ. ಮೇಲ್, ಬ್ಯಾಂಕ್, ಸರ್ಕಾರಿ ಅರ್ಜಿ ತುಂಬುವ ಕೆಲಸ ಬೇರೆ ಕಂಪ್ಯೂಟರಿನಲ್ಲಿ ಮಾಡಿ. ನಕಲು ಇಳಿಸಿದ ಡಿಸ್ಕ್ ಹೇಗೂ ನಿಮ್ಮ ಹತ್ತಿರವೇ ಇದೆ. ಅದರಿಂದ ಫೈಲ್‌ಗಳನ್ನೆಲ್ಲ ಎಸ್‌ಎಸ್‌ಡಿಗೆ ಹಾಕಿಕೊಂಡ ಮೇಲೆ, ಅದನ್ನು ಮನೆಯಲ್ಲಿಟ್ಟು ವಾರಕ್ಕೊಮ್ಮೆ ಅಂಗಡಿಯ ಕೆಲಸ ಅದಕ್ಕೆ ಕಾಪಿ ಮಾಡಿಕೊಳ್ಳುತ್ತಾ ಹೋಗಿ.